ಹಿಲ್ಕಾಗೆ ಗೊತ್ತಿದ್ದ ಜಾಗ

ಆರ್ವೊನ ಕಾರು ಸರೋವರದ ದಂಡೆಯಲ್ಲಿ ಸಿಕ್ಕಿತ್ತು. ಹಾಗಾಗಿ ಊರಿಗೆ ಊರೇ ದಂಡೆಯ ಕಾಡಿನಲ್ಲಿ ಅವನನ್ನು ಹುಡುಕುತ್ತಿತ್ತು. ಕಾರು ನಿಂತ ಕಡೆ ಆರ್ವೊ ಇರುವುದೇ ಇಲ್ಲ ಎಂದು ಅವನ ಹೆಂಡತಿ ಹಿಲ್ಕಾ ಬೆಳಗಿನಿಂದ ಬಾಯಿ ನೋಯುವಷ್ಟು ಹೇಳಿದ್ದಳು. ಹಾಗಾದರೆ ಎಲ್ಲಿದ್ದಾನೆ ಎಂಬುದು ಮಾತ್ರ ಅವಳಿಗೂ ಗೊತ್ತಿರಲಿಲ್ಲ.

ಉತ್ತರದ ಈ ಚಳಿ ಸೀಮೆಯ ಜನ ಹೀಗೆ. ಕುಡಿತದ ಕಥೆ ಹೇಳಿಕೊಂಡಾರು, ಮುರಿದ ಮದುವೆಯ ಕಥೆ ಹೇಳಿಕೊಂಡಾರು, ಅಣಬೆ ಸಿಗುವ ಜಾಗವನ್ನು ಮಾತ್ರ ಹೆತ್ತ ಮಕ್ಕಳಿಗೂ ಹೇಳುವುದಿಲ್ಲ. ಅಪ್ಪ ಸಾಯುವಾಗ ಮಗನ ಕಿವಿಯಲ್ಲಿ ಉಸುರಬೇಕು, ಅಷ್ಟೆ. ಆರ್ವೊ ಇದರಲ್ಲಿ ಎಲ್ಲರಿಗಿಂತ ಒಂದು ಕೈ ಮೇಲು. ಯಾರಾದರೂ ಹಿಂಬಾಲಿಸಿಯಾರು ಎಂದು ಕಾರನ್ನು ಒಂದು ಕಡೆ ನಿಲ್ಲಿಸಿ, ಹಿಂದಿನ ಡಿಕ್ಕಿಯಿಂದ ಸೈಕಲ್ ಇಳಿಸಿ, ಕಾಡಿನ ದಾರಿ ಹಿಡಿದು ಮತ್ತೊಂದು ದಿಕ್ಕಿಗೆ ಹೋಗುತ್ತಿದ್ದ. ಹೋದಲ್ಲಿ ಸೈಕಲನ್ನೂ ಸ್ಪ್ರೂಸ್ ಮರದ ಕೊಂಬೆ ಮುಚ್ಚಿ ಅಡಗಿಸುತ್ತಿದ್ದ. ಅತಿಬುದ್ಧಿ ಎಂದರೆ ಇದೇ. ನಲವತ್ತು ವರ್ಷ ಊರವರಿಂದ ತಪ್ಪಿಸಿಕೊಂಡವನು ಈಗ ಊರವರಿಗೇ ಸಿಗಬೇಕಾಗಿತ್ತು, ಸಿಗುತ್ತಿರಲಿಲ್ಲ.

ಭಾನುವಾರ ಬೆಳಿಗ್ಗೆ ಅಣಬೆಗೆಂದು ಬುಟ್ಟಿ, ಚಾಕು, ಫ್ಲಾಸ್ಕಿನಲ್ಲಿ ಕಾಫಿ ಹಿಡಿದು ಹೋದವನು ಸೋಮವಾರ ಮಧ್ಯಾಹ್ನವಾದರೂ ಬಂದಿರಲಿಲ್ಲ. ನಡುವಿನ ರಾತ್ರಿ ಚಳಿಗೆ ಹುಲ್ಲಿನ ಮೇಲಿನ ನೀರು ಹೆಪ್ಪುಗಟ್ಟಿತ್ತು. ಎದೆಯ ಆಪರೇಷನ್ ಆದ ಮುದುಕ. ಎಲ್ಲೋ ಬಿದ್ದಿದ್ದಾನೆ, ಅದರಲ್ಲಿ ಅನುಮಾನವಿಲ್ಲ. ಬಿದ್ದವನು ಒಂದು ರಾತ್ರಿ ಉಳಿದಿರಬಹುದು, ಇನ್ನೊಂದು ರಾತ್ರಿ ಉಳಿಯಲಾರ ಎಂದು ಹಿಲ್ಕಾಗೆ ಯಾರೂ ಬಿಡಿಸಿ ಹೇಳಬೇಕಾಗಿರಲಿಲ್ಲ.

ಹುಡುಕಾಟ ನಡೆಸುತ್ತಿದ್ದ ಪೊಲೀಸ್ ಹುಡುಗಿಯ ಹೆಸರು ಹೆನ್ನಾ. ಕಾರಿನ ಮೂತಿಯ ಮೇಲೆ ನಕ್ಷೆ ಹರಡಿಕೊಂಡು ಅವಳು ಮತ್ತೆ ಅದನ್ನೇ ಕೇಳಿದಳು.

"ಸೈಕಲ್ಲಲ್ಲಿ ಹೋದ್ರೆ ಎಷ್ಟು ದೂರ ಹೋಗಿರ್ತಾರಮ್ಮಾ?"

"ಈ ಕಡೆ ಜೌಗು, ಆ ಕಡೆ ಕಲ್ಲುಗುಡ್ಡ, ಆಚೆ ರೈಲ್ವೆ ಕಾಡು. ಎಲ್ಲಿ ಅಂತ ಹೇಳ್ಲಿ? ಇದೆಲ್ಲಾ ಹುಡುಕಕ್ಕೆ ಒಂದು ವಾರ ಬೇಕು."

"ನಿಮಗೂ ಹೇಳಿಲ್ವಾ ಅವರು?"

"ಅವನು ತಂದಿದ್ದನ್ನ ಬೆಣ್ಣೆಲಿ ಹುರಿದು ಹಾಕ್ತಿದ್ದೆ. ಎಲ್ಲಿಂದ ತಂದೆ ಅಂತ ಒಂದು ದಿನ ಕೇಳಿಲ್ಲ. ಹಾಗೆ ಕೇಳೋದು ಮರ್ಯಾದೆ ಅಲ್ಲ."

ಹೆನ್ನಾ ದಕ್ಷಿಣದ ನಗರದವಳು. ಇದನ್ನು ನಂಬುವುದೋ ಬಿಡುವುದೋ ತಿಳಿಯದೆ ಮತ್ತೆ ನಕ್ಷೆಗೆ ಬಗ್ಗಿದಳು. ಬೆಳಿಗ್ಗೆ ಹೆಲಿಕಾಪ್ಟರ್ ಸುತ್ತಿ ಹೋಗಿತ್ತು, ದಟ್ಟ ಮರಗಳ ಕೆಳಗೆ ಅದಕ್ಕೆ ಏನೂ ಕಂಡಿರಲಿಲ್ಲ. ಆರ್ವೊನ ಫೋನು ಭಾನುವಾರವೇ ಉಸಿರು ನಿಲ್ಲಿಸಿತ್ತು.

ಆ ಜಾಗ ಗೊತ್ತಿದ್ದ ಮನುಷ್ಯ ಒಬ್ಬನೇ ಒಬ್ಬ. ಆರ್ವೊನ ಅಣ್ಣ ಕೌಕೊ. ಎದೆಯ ಆಪರೇಷನ್ನಿಗೆ ಹೋಗುವ ಮುಂಚೆ, ತಾನು ಸತ್ತರೆ ಜಾಗ ಮನೆತನದಲ್ಲೇ ಉಳಿಯಲಿ ಎಂದು ಆರ್ವೊ ಅವನಿಗೆ ಬರೆದಿದ್ದ. ಆರ್ವೊ ಸಾಯಲಿಲ್ಲ, ಕೌಕೊ ಸತ್ತ. ಹೋದ ವಸಂತದಲ್ಲಿ ಅವನನ್ನು ಮಣ್ಣು ಮಾಡಿ, ಅವನ ಫೋನನ್ನು ಹಳೆಯ ಸಾಮಾನಿನ ಜೊತೆ ಕೊಟ್ಟುಬಿಟ್ಟಿದ್ದರು. ಉಳಿದದ್ದು ಆ ಬರಹ ಒಂದೇ, ಅದು ಇದ್ದದ್ದು ಲಂಪಿಯಲ್ಲಿ.

ಲಂಪಿ ಎಂದರೆ ಕೊಳ. ಊರವರದೇ ಆದ ಪುಟ್ಟ ಜಾಲತಾಣ. ದೊಡ್ಡ ಕಂಪನಿಗಳ ತಾಣಗಳಲ್ಲಿ ಜಾಹೀರಾತಿನ ಕಾಟ, ಕಳ್ಳಗಣ್ಣಿನ ಕಾಟ ಎಂದು ಜನ ಬೇಸತ್ತಿದ್ದಾಗ, ಟೆಲಿಫೋನ್ ಕಚೇರಿಯಿಂದ ನಿವೃತ್ತನಾಗಿದ್ದ ಇಲ್ಪೊ ತನ್ನ ಹಬೆಸ್ನಾನದ ಮನೆ ಸೌನಾದ ಮುಂಗೋಣೆಯಲ್ಲಿ ಒಂದು ಯಂತ್ರ ಇಟ್ಟು ಇದನ್ನು ಕಟ್ಟಿದ. ದುಡ್ಡು ಕೇಳಲಿಲ್ಲ. "ಇಲ್ಲಿ ನೀವು ಬರೆದಿದ್ದು ನೀವು, ಯಾರಿಗೆ ಬರೆದ್ರೋ ಅವರು, ಇಬ್ಬರೇ ಓದೋದು. ಅಡ್ಮಿನ್ ಅಂತ ನನಗೂ ಕಾಣಲ್ಲ" ಎಂದ. ಊರು ನಂಬಿತು. ನಂಬದೆ ಏನು? ಇಲ್ಪೊ ಚಳಿಗಾಲದಲ್ಲಿ ಮುದುಕಿಯರ ಬಾಗಿಲ ಮುಂದಿನ ಹಿಮ ತೆಗೆಯುವ ಮನುಷ್ಯ. ಹಾಲಿನ ಲೆಕ್ಕದಿಂದ ಹಿಡಿದು ಮಗಳ ಗರ್ಭಪಾತದವರೆಗೆ ಊರವರು ಎಲ್ಲವನ್ನೂ ಲಂಪಿಯಲ್ಲೇ ಬರೆದುಕೊಂಡರು.

ಆಪರೇಷನ್ ಮುಗಿದ ಮುಂದಿನ ಶರತ್ಕಾಲದಲ್ಲಿ ಆರ್ವೊ ತನ್ನ ಜಾಗಕ್ಕೆ ಹೋದರೆ ಹಳದಿ ಕಂತರೆಲ್ಲಿ ಅಣಬೆ ಒಂದೂ ಉಳಿದಿರಲಿಲ್ಲ. ಯಾರೋ ಚಾಕುವಿನಿಂದ ನೀಟಾಗಿ ಕುಯ್ದುಕೊಂಡು ಹೋಗಿದ್ದರು. ಗಾಲಿಕುರ್ಚಿಯಲ್ಲಿದ್ದ ಕೌಕೊ ದೂರದ ಊರಿಂದ ಬಂದು ಕುಯ್ಯುವ ಹಾಗಿರಲಿಲ್ಲ. ಹಿಲ್ಕಾ ಎರಡಕ್ಕೆ ಎರಡು ಕೂಡಿಸಿದಳು, ಲಂಪಿಯಲ್ಲಿ ಎಲ್ಲರೆದುರು ಬರೆದಳು: ಬೇಲಿಯೇ ಎದ್ದು ಹೊಲ ಮೇಯುತ್ತಿದೆ, ಇಲ್ಪೊ ನಮ್ಮ ಖಾಸಗಿ ಬರಹ ಓದುತ್ತಿದ್ದಾನೆ.

ಊರು ಅವಳ ಮೇಲೆ ಬಿತ್ತು. ಒಂದು ಹಿಡಿ ಅಣಬೆಗೆ ಒಳ್ಳೆಯ ಮನುಷ್ಯನ ಮಾನ ತೆಗೆಯುತ್ತೀಯಾ ಎಂದರು. ಇಲ್ಪೊ ಬಹಳ ನೊಂದುಕೊಂಡು, ಬಹಳ ಸಭ್ಯವಾಗಿ ನಾಲ್ಕು ಸಾಲು ಬರೆದು, ಊರಿನ ನೆಮ್ಮದಿಗಾಗಿ ಎಂದು ಅವಳ ಖಾತೆ ಮುಚ್ಚಿದ. ಅವಳಿಗೆ ಅದಕ್ಕಿಂತ ಉರಿದದ್ದು ಆರ್ವೊನ ಮಾತು. "ಕೌಕೊ ಯಾರ ಹತ್ರನೋ ಬಾಯಿ ಬಿಟ್ಟಿರ್ತಾನೆ ಕಣೆ. ಇಲ್ಪೊ ಅಂಥೋನಲ್ಲ," ಎಂದಿದ್ದ. ಒಂದು ವರ್ಷ ಬಿಟ್ಟು ಅಣಬೆ ಮತ್ತೆ ಎದ್ದವು, ಅವನು ಮತ್ತೆ ಅಲ್ಲಿಗೇ ಹೋಗತೊಡಗಿದ. ಹಿಲ್ಕಾ ಮಾತ್ರ ಲಂಪಿಯ ಹೊರಗೇ ಉಳಿದಳು. ಈಗ ಹುಡುಕಾಟದ ಸುದ್ದಿಯೆಲ್ಲ ಓಡುತ್ತಿದ್ದದ್ದೂ ಅಲ್ಲೇ. ಸ್ವಂತ ಗಂಡನ ಸುದ್ದಿಯನ್ನು ಪಕ್ಕದ ಮನೆಯ ಸೈಮಿ ತನ್ನ ಫೋನಿನಿಂದ ಓದಿ ಹೇಳಬೇಕಾಗಿತ್ತು.

"ಇಲ್ಪೊನ ಕೇಳಿ," ಎಂದಳು ಹಿಲ್ಕಾ ಪೊಲೀಸ್ ಹುಡುಗಿಗೆ. "ಆರ್ವೊ ಕೌಕೊಗೆ ಬರೆದಿದ್ದು ಅವನ ಮಷಿನ್ನಲ್ಲಿದೆ."

ಹೆನ್ನಾ ಕೇಳಿದಳು. ಫೋನಿನಿಂದ ಇಲ್ಪೊನ ದನಿ ಎಲ್ಲರಿಗೂ ಕೇಳಿಸುವಂತೆ ಬಂತು.

"ನೋಡಮ್ಮಾ, ಅದು ಬೀಗ ಹಾಕಿದ ಪೆಟ್ಟಿಗೆ ಇದ್ದಂಗೆ. ಬೀಗದ ಕೈ ನನ್ನ ಹತ್ರ ಇಲ್ಲ. ಕೌಕೊ ಸತ್ತ ಮೇಲೆ ಅವನ ಖಾತೆನೂ ಅಳಿಸಿಯಾಯ್ತು. ಆರ್ವೊ ನನ್ನ ಶಾಲೆ ಗೆಳೆಯ. ಆಗೋ ಹಾಗಿದ್ರೆ ಕೊಡ್ತಿರಲಿಲ್ವಾ?"

ಸುತ್ತ ನಿಂತವರು ತಲೆಯಾಡಿಸಿದರು. ಇಲ್ಪೊ ಹೇಳಿದ ಮೇಲೆ ಮುಗಿಯಿತು. ಯಂತ್ರವನ್ನು ತಜ್ಞರಿಂದ ತೆಗೆಸಿ ನೋಡಬಹುದು, ಅದಕ್ಕೆ ದಿನಗಳೇ ಬೇಕು ಎಂದು ಹೆನ್ನಾ ಮೆಲ್ಲಗೆ ಹೇಳಿದಳು. ಹಿಲ್ಕಾ ಯಾರಿಗೂ ಏನೂ ಹೇಳದೆ ಸೈಮಿಯ ಸೈಕಲ್ ತೆಗೆದುಕೊಂಡು ಇಲ್ಪೊನ ಮನೆಯ ಏರು ಹತ್ತಿದಳು.

ಇಲ್ಪೊ ಅಡುಗೆಮನೆಯಲ್ಲಿ ದೊಡ್ಡ ಪಾತ್ರೆಯ ತುಂಬ ಬಟಾಣಿ ಸೂಪು ಕದಡುತ್ತಿದ್ದ. ಹುಡುಕುವವರಿಗೆ. ಒಳ್ಳೆಯ ಮನುಷ್ಯ ಎಂದರೆ ಹೀಗಿರಬೇಕು.

"ಒಳಗೆ ಬಾ ಹಿಲ್ಕಾ. ಶೂ ಕಾಲಲ್ಲೇ ಇರಲಿ ಬಿಡು."

"ಇಲ್ಪೊ, ಜಾಗ ಹೇಳು."

"ಪೊಲೀಸಿಗೆ ಹೇಳಿದ್ನಲ್ಲ..."

"ಪೊಲೀಸಿಗೆ ಹೇಳಿದ್ದು ಕೇಳಿಸ್ಕೊಂಡೆ. ಈಗ ನನಗೆ ಹೇಳು."

"ನನಗೆ ಕಾಣಲ್ಲ ಅಂದ್ರೆ ಕಾಣಲ್ಲ ಮಾರಾಯ್ತಿ. ಆಗಲೂ ಕಾಣ್ತಿರಲಿಲ್ಲ, ಈಗಲೂ ಕಾಣಲ್ಲ. ಇಂಥ ಹೊತ್ತಲ್ಲೂ ಆ ಹಳೇ ಜಗಳ ಎತ್ಕೊಂಡು ಬರ್ತೀಯಲ್ಲ."

"ಜಗಳ ಬಿಟ್ಟೆ. ನಾನೇ ಸುಳ್ಳಿ, ನಾನೇ ಬಾಯಿಹರಕಿ. ಬೇಕಾದ್ರೆ ಚರ್ಚಿನ ಮುಂದೆ ನಿಂತು ಹೇಳ್ತೀನಿ. ಅಣಬೆ ಪೂರ್ತಿ ನೀನೇ ಇಟ್ಕೋ, ನಿನ್ನ ಮೊಮ್ಮಕ್ಕಳ ಕಾಲಕ್ಕೂ ಇರಲಿ. ನನಗೆ ಅವನು ಬೇಕು. ಇವತ್ತು ಕತ್ತಲಾಗೋ ಮುಂಚೆ ಬೇಕು."

ಇಲ್ಪೊ ಸೌಟು ಆಡಿಸುತ್ತಲೇ ಇದ್ದ. ತಳ ಹತ್ತುತ್ತದೆಂಬಂತೆ ಪಾತ್ರೆಯನ್ನೇ ನೋಡುತ್ತಿದ್ದ. ಆ ಸೌಟು ಕಿತ್ತುಕೊಂಡು ಅವನ ಬೋಳು ತಲೆಗೆ ಬಡಿಯಬೇಕು ಎನ್ನಿಸಿತು ಹಿಲ್ಕಾಗೆ. ಬಡಿದರೆ ಜಾಗ ಬರುತ್ತದೆಯೇ? ಅವಳು ಅವನ ತೋಳು ಹಿಡಿದುಕೊಂಡಳು. ಹೆಣದ ಪೆಟ್ಟಿಗೆ ಇಳಿಸುವಾಗ ಬಿಟ್ಟರೆ ಈ ಊರಲ್ಲಿ ಯಾರೂ ಯಾರನ್ನೂ ಮುಟ್ಟುವುದಿಲ್ಲ. ಇಲ್ಪೊ ಬೆಚ್ಚಿದ.

"ಕಾಲು ಹಿಡ್ಕೋಬೇಕಾ? ಅದನ್ನೂ ಹಿಡ್ಕೋತೀನಿ."

ಅವಳು ನೆಲದ ಮೇಲೆ ಕುಳಿತು ಅತ್ತಳು, ನಾಚಿಕೆ ಬಿಟ್ಟು, ಮೂಗಿನಲ್ಲಿ ನೀರು ಸುರಿಸಿಕೊಂಡು ಅತ್ತಳು. ಮದುವೆಯಾದಂದಿನಿಂದ ಯಾವ ಗಂಡಸಿನ ಎದುರೂ ಅತ್ತವಳಲ್ಲ, ಆರ್ವೊನ ಎದುರೂ ಅತ್ತವಳಲ್ಲ.

ಇಲ್ಪೊ ಒಲೆ ಆರಿಸಿದ. ಕುರ್ಚಿ ಎಳೆದು ಅವಳ ಎದುರು ಕುಳಿತ.

"ಒಂದು ಮಾತು ಕೇಳ್ತೀನಿ. ಒಂದು ವೇಳೆ ಜಾಗ ಗೊತ್ತಾಯ್ತು ಅಂತಿಟ್ಕೋ. ಹೇಗೆ ಗೊತ್ತಾಯ್ತು ಅಂತ ಕೇಳ್ತಾರಲ್ಲ ಜನ?"

ಅವಳ ಅಳು ನಿಂತಿತು. ಮೂರು ವರ್ಷ ಊರಿಗೆ ಊರೇ ಅವಳನ್ನು ಸುಳ್ಳಿ ಅಂದಿತ್ತು, ಈಗ ನಿಜ ಎದುರಿಗೇ ಕುರ್ಚಿ ಹಾಕಿಕೊಂಡು ಕೂತಿತ್ತು. ಗೆದ್ದೆ ಎಂದು ಒಂದಿಷ್ಟೂ ಅನ್ನಿಸಲಿಲ್ಲ. ಇವನಿಗೆ ಗೊತ್ತಿದೆ, ಇವನಿಗೆ ಗೊತ್ತಿದೆ ಎಂದಷ್ಟೇ ತಲೆಯಲ್ಲಿ ಓಡಿತು.

"ಮೊದಲನೇ ಸಲ ಮಷಿನ್ ಕೆಟ್ಟಿತ್ತು, ಸರಿ ಮಾಡೋವಾಗ ಕಣ್ಣಿಗೆ ಬಿತ್ತು," ಎಂದ ಇಲ್ಪೊ, ನೆಲ ನೋಡುತ್ತ. "ಆಮೇಲೆ ಚಳಿಗಾಲ. ಒಬ್ಬನೇ ಇರ್ತೀನಿ, ನಿಂಗೊತ್ತಲ್ಲ. ಓದ್ತಾ ಹೋದೆ. ಅಣಬೆ ಎರಡೇ ಸಲ ತಂದಿದ್ದು. ಅಮ್ಮ ಆಗಿನ್ನೂ ಇದ್ಲು, ಅವಳಿಗೆ ಕಂತರೆಲ್ಲಿ ಅಂದ್ರೆ ಪ್ರಾಣ."

"ಜಾಗ ಹೇಳೋ."

"ಈ ಊರಲ್ಲಿ ಯಾರು ಯಾರಿಗೆ ಏನೇನು ಬರೆದಿದ್ದಾರೆ ಅಂತ ನಿಂಗೊತ್ತಿಲ್ಲ ಹಿಲ್ಕಾ. ಸೈಮಿ ಬರೆದಿರೋದು ಗೊತ್ತಾದ್ರೆ ನೀನು ಅವಳ ಮನೆ ಕಡೆ ತಲೆ ಹಾಕಿ ಮಲಗಲ್ಲ. ನಾನು ಓದಿದ್ದೀನಿ ಅಂತ ತಿಳಿದ್ರೆ ಒಬ್ಬರ ಮುಖ ಒಬ್ಬರು ನೋಡಕ್ಕಾಗುತ್ತಾ? ನಾನು ಎಲ್ಲಿ ಹೋಗ್ಲಿ? ಈ ವಯಸ್ಸಲ್ಲಿ ಜೈಲಿಗಾ?"

ಹಾವೂ ಸಾಯಬೇಕು, ಕೋಲೂ ಮುರಿಯಬಾರದು. ಅವನು ಸೂಪು ಕದಡುತ್ತ ಅಷ್ಟು ಹೊತ್ತು ಲೆಕ್ಕ ಹಾಕಿದ್ದು ಇದನ್ನೇ.

"ನನಗೇ ಗೊತ್ತಿತ್ತು ಅನ್ನು. ಅವನ ಫೋನು ಕದ್ದು ಓದಿದ್ದೆ ಅನ್ನು."

"ಮತ್ತೆ ನಿನ್ನೆಯಿಂದ ಯಾಕೆ ಬಾಯಿ ಬಿಡಲಿಲ್ಲ ಅಂತಾರೆ."

"ನಾಚಿಕೆ ಆಯ್ತು ಅನ್ನು. ಗಂಡನ ಜಾಗ ಕದ್ದು ತಿಳ್ಕೊಂಡಿದ್ದೆ, ಹೇಳಕ್ಕೆ ಮುಖ ಇರಲಿಲ್ಲ ಅನ್ನು. ಈ ಊರಲ್ಲಿ ಅದನ್ನ ನಂಬ್ತಾರೆ."

ನಂಬುತ್ತಾರೆ, ನಿಜ. ಗಂಡ ರಾತ್ರಿಯಿಡೀ ಚಳಿಯಲ್ಲಿ ಬಿದ್ದಿದ್ದಾಗ ತನ್ನ ನಾಚಿಕೆಗೆ ಅಂಜಿ ಬಾಯಿ ಮುಚ್ಚಿಕೊಂಡಿದ್ದ ಹೆಂಡತಿ ಎಂದು ಸಾಯುವವರೆಗೂ ನಂಬುತ್ತಾರೆ. ಇದೆಲ್ಲ ಹಿಲ್ಕಾಗೆ ಆಮೇಲೆ ಹೊಳೆದದ್ದು. ಆಗ ಅವಳು ಲೆಕ್ಕ ಹಾಕುತ್ತ ಕೂರಲಿಲ್ಲ.

"ಆಯ್ತು."

"ಯಾವತ್ತೂ ಬಾಯಿ ಬಿಡಬಾರದು."

"ಯಾವತ್ತೂ ಬಿಡಲ್ಲ. ಹೇಳೋ, ನಿನ್ನ ದಮ್ಮಯ್ಯ, ಬೇಗ ಹೇಳೋ!"

ಇಲ್ಪೊ ಯಂತ್ರದ ಹತ್ತಿರ ಹೋಗಲೂ ಇಲ್ಲ. ಬಾಯಿಪಾಠವಾಗಿತ್ತು. ರೈಲ್ವೆ ಕಾಡಿನಲ್ಲಿ, ಹಿಂದಿನವರು ಮರ ಸುಟ್ಟು ಟಾರು ಇಳಿಸುತ್ತಿದ್ದ ಹಳೆಯ ಗುಂಡಿ ದಾಟಿ, ಜೌಗಿನ ಅಂಚು ಹಿಡಿದು ಹೋದರೆ ಸಿಗುವ ಬರ್ಚ್ ಮರಗಳ ದಿಬ್ಬ, ಅದರ ಹಿಂದಿನ ಇಳಿಜಾರು. ಹುಡುಕುತ್ತಿದ್ದ ಜಾಗಕ್ಕೆ ಸರಿಯಾಗಿ ಬೆನ್ನು ಮಾಡಿಕೊಂಡ ದಿಕ್ಕು ಅದು.

ಹಿಲ್ಕಾ ಇಳಿಜಾರಿನಲ್ಲಿ ಬ್ರೇಕು ಹಿಡಿಯದೆ ಬಂದಳು. ದಂಡೆಯಲ್ಲಿ ಹತ್ತಾರು ಜನ ನೀರು ಸೋರುವ ಬೂಟು ಕಳಚಿ ಕಾಲುಚೀಲ ಹಿಂಡುತ್ತ ಕುಳಿತಿದ್ದರು. ಅವರ ನಡುವೆ ನಿಂತು, ಉಸಿರು ಸಿಕ್ಕುವ ಮೊದಲೇ ಹೇಳಿಬಿಟ್ಟಳು.

"ಜಾಗ ನನಗೆ ಗೊತ್ತು. ರೈಲ್ವೆ ಕಾಡು, ಟಾರು ಗುಂಡಿ ಹಿಂದಿನ ದಿಬ್ಬ."

ಹೆನ್ನಾ ನಕ್ಷೆಯಿಂದ ತಲೆ ಎತ್ತಿದಳು. "ಹೇಗೆ ಗೊತ್ತಾಯ್ತು?"

"ಮೊದಲಿಂದ ಗೊತ್ತಿತ್ತು. ಅವನ ಫೋನಲ್ಲಿ ಕದ್ದು ಓದಿದ್ದೆ. ನಾಚಿಕೆ ಆಯ್ತು, ಹೇಳಲಿಲ್ಲ."

ಸೈಮಿ ರಾತ್ರಿಯಿಡೀ ಹಿಲ್ಕಾಳ ಪಕ್ಕ ಕುಳಿತಿದ್ದವಳು, ಅವಳ ಇಬ್ಬರು ಮಕ್ಕಳು ನಸುಕಿನಿಂದ ಮೊಣಕಾಲುದ್ದ ಜೌಗು ತುಳಿದಿದ್ದರು.

"ನಿನ್ನೆಯಿಂದ?" ಎಂದಳು ಸೈಮಿ. "ನನ್ನ ಹೆಗಲ ಮೇಲೆ ತಲೆ ಇಟ್ಕೊಂಡು ಕೂತಿದ್ಯಲ್ಲೇ, ಆಗಲೂ ಗೊತ್ತಿತ್ತಾ?"

"ಗೊತ್ತಿತ್ತು."

"ಥೂ!"

ಹೆನ್ನಾ ಬಾಯಿಗೆ ವೈರ್‌ಲೆಸ್ ಹಿಡಿದು ಹೆಲಿಕಾಪ್ಟರನ್ನು ಆ ಕಡೆ ತಿರುಗಿಸುತ್ತಿದ್ದಳು. ಜನ ಒದ್ದೆ ಬೂಟನ್ನೇ ಮತ್ತೆ ತೊಟ್ಟು ಕಾರುಗಳತ್ತ ಓಡಿದರು. ಓಡುತ್ತ ಯಾರೋ ಅಂದದ್ದು ಹಿಲ್ಕಾಗೆ ಕೇಳಿಸಿತು: "ಹಾಗಾದ್ರೆ ಆವತ್ತು ಅಣಬೆ ಬೋಳಿಸಿದ್ದೂ ಇವಳೇ. ತಾನು ಮಾಡಿ ಇಲ್ಪೊ ತಲೆಗೆ ಕಟ್ಟಿದ್ಲಲ್ಲಪ್ಪಾ, ಪಾಪ." ಹಿಲ್ಕಾ ತಿರುಗಿ ನೋಡಲಿಲ್ಲ. ಯಾರೂ ತಮ್ಮ ಕಾರಿಗೆ ಹತ್ತು ಎಂದು ಕರೆಯಲಿಲ್ಲ, ಕೊನೆಗೆ ಪೊಲೀಸ್ ಗಾಡಿಯಲ್ಲೇ ಹೋದಳು.

ಆರ್ವೊ ಅಲ್ಲೇ ಇದ್ದ. ದಿಬ್ಬದ ಇಳಿಜಾರಿನಲ್ಲಿ ಪಾಚಿಗಲ್ಲು ಜಾರಿ, ಸೊಂಟದ ಮೂಳೆ ಮುರಿದು, ಬಿದ್ದಲ್ಲೇ ಬಿದ್ದಿದ್ದ. ಕೈಗೆ ಸಿಕ್ಕಿದಷ್ಟು ಪಾಚಿ ಕಿತ್ತು ಮೈಮೇಲೆ ಹೊದ್ದುಕೊಂಡಿದ್ದ. ಉಸಿರಿತ್ತು. "ಇದೆ, ಉಸಿರಿದೆ!" ಎಂದು ವೈರ್‌ಲೆಸ್ಸಿನಲ್ಲಿ ಬಂದಾಗ ರೈಲ್ವೆ ಗೇಟಿನ ಹತ್ತಿರ ಕಾಯುತ್ತಿದ್ದ ಹಿಲ್ಕಾ ಪೊಲೀಸ್ ಗಾಡಿಯ ಬಾಗಿಲು ಹಿಡಿದುಕೊಂಡು ನಿಂತಳು. ಅವಳ ಕಣ್ಣಿಗೆ ಏನೂ ಕಾಣಿಸಲಿಲ್ಲ. ಊರು ಥೂ ಅಂದದ್ದು, ಇಲ್ಪೊಗೆ ಕೊಟ್ಟ ಮಾತು, ಯಾವುದೂ ಆಗ ಭಾರವಾಗಿರಲಿಲ್ಲ.

ಸ್ಟ್ರೆಚರಿನಲ್ಲಿ ಹೊತ್ತು ತರುವ ಹೊತ್ತಿಗೆ ಸಂಜೆಯ ಬಿಸಿಲು ಮರದ ತುದಿಗೆ ಏರಿತ್ತು. ಇಲ್ಪೊ ಗೇಟಿನ ಬಳಿ ಸೂಪಿನ ಪಾತ್ರೆ ಇಟ್ಟುಕೊಂಡು ಎಲ್ಲರಿಗೂ ಬಡಿಸುತ್ತಿದ್ದ. ಬಂದವರು ಅವನ ಬೆನ್ನು ತಟ್ಟಿ, ಆವತ್ತು ಅವನಿಗೆ ಆದ ಅನ್ಯಾಯದ ಮಾತಾಡುತ್ತಿದ್ದರು. ಅವನು ಬೇಡ ಬೇಡ ಎಂದು ತಲೆ ಆಡಿಸುತ್ತಿದ್ದ.

ಆರ್ವೊಗೆ ಎಚ್ಚರವಿತ್ತು. ಬೆಳ್ಳಗೆ ಒಡೆದ ತುಟಿಯಲ್ಲಿ, ತನ್ನನ್ನು ಹೊತ್ತಿದ್ದ ಸೈಮಿಯ ಮಗನನ್ನು, ಜಾಗ ಹೇಗೆ ಗೊತ್ತಾಯ್ತು ಎಂದು ಕೇಳಿದ. ಉತ್ತರ ಕೊಟ್ಟದ್ದು ಪಕ್ಕದಲ್ಲೇ ಬರುತ್ತಿದ್ದ ಸೈಮಿ. "ನಿನ್ನ ಹೆಂಡತಿಗೆ ಮೊದಲಿಂದ ಗೊತ್ತಿತ್ತಂತೆ ಕಣೋ ಆರ್ವೊ. ನಾಚಿಕೆ ಆಯ್ತಂತೆ, ಇವತ್ತು ಮಧ್ಯಾಹ್ನ ಹೇಳಿದ್ಲು."

ಆಂಬುಲೆನ್ಸಿನವರು ಅವನನ್ನು ಒಳಗೆ ಮಲಗಿಸಿ ಬೆಳ್ಳಿ ಬಣ್ಣದ ಹೊದಿಕೆ ಸುತ್ತಿದರು. ಸೂಜಿ ಚುಚ್ಚುವ ಮೊದಲು ಹೆಂಡತಿಗೆ ಒಂದು ಗಳಿಗೆ ಬಿಟ್ಟುಕೊಟ್ಟರು. ಹಿಲ್ಕಾ ಒಳಗೆ ಹತ್ತಿ ಅವನ ಕೈಯನ್ನು ತನ್ನ ಎರಡೂ ಕೈಯಲ್ಲಿ ಹಿಡಿದುಕೊಂಡಳು. ಮಂಜುಗಡ್ಡೆಯಷ್ಟು ತಣ್ಣಗಿತ್ತು. ಉಜ್ಜಿದಳು.

"ಸೈಮಿ ಹೇಳಿದ್ದು ನಿಜಾನಾ?" ಎಂದ ಆರ್ವೊ.

ಅವಳು ಉಜ್ಜುತ್ತಲೇ ಇದ್ದಳು.

"ರಾತ್ರಿಯೆಲ್ಲಾ ನನ್ನನ್ನೇ ಬೈಕೊಂಡೆ ಕಣೆ. ಎಂಥಾ ಮುಠ್ಠಾಳ ನಾನು, ಹಿಲ್ಕಾಗೆ ಒಂದು ಮಾತು ಹೇಳಬಾರದಿತ್ತಾ ಅಂತ. ಅವಳಿಗೆ ಗೊತ್ತಿದ್ದಿದ್ರೆ ಕತ್ತಲಾದ್ರೂ ಬರ್ತಿದ್ಲು, ಒಬ್ಬಳೇ ಆದ್ರೂ ಬರ್ತಿದ್ಲು ಅಂತ. ಅದೊಂದನ್ನೇ ಹೇಳ್ಕೊಂಡು ಬೆಳಕು ಮಾಡ್ದೆ." ಉಸಿರು ಸಾಲದೆ ನಿಲ್ಲಿಸಿದ. "ನಿನಗೆ ಗೊತ್ತಿತ್ತಾ?"

ಕೊಟ್ಟ ಮಾತು ಹಾಳಾಗಿ ಹೋಗಲಿ. ಊರೆಲ್ಲ ಏನಾದರೂ ಅಂದುಕೊಳ್ಳಲಿ, ಇವನೊಬ್ಬ ಅಂದುಕೊಳ್ಳಬಾರದು. ಅವಳು ಅವನ ಕಿವಿಯ ಹತ್ತಿರ ಬಾಗಿದಳು.

"ಇಲ್ಲ ಕಣೋ. ನಂಗೊತ್ತಿರಲಿಲ್ಲ, ದೇವರಾಣೆ ಗೊತ್ತಿರಲಿಲ್ಲ. ಇಲ್ಪೊ ಓದಿದ್ದು. ನೀನು ಕೌಕೊಗೆ ಬರೆದಿದ್ದನ್ನ ಓದಿದ್ದ. ನಾನು ಹೋಗಿ ಕಾಲಿಗೆ ಬಿದ್ದೆ. ಜಾಗ ಮೊದಲಿಂದ ನನಗೇ ಗೊತ್ತಿತ್ತು ಅಂತ ನಾನು ಊರಿಗೆ ಹೇಳೋದಾದ್ರೆ ಮಾತ್ರ ಹೇಳ್ತೀನಿ ಅಂದ. ಅದಕ್ಕೇ ಹಾಗಂದೆ. ಮೊದಲೇ ಗೊತ್ತಿದ್ದಿದ್ರೆ ಬರ್ತಿರಲಿಲ್ವೇನೋ?"

ಆರ್ವೊ ತೆರೆದ ಬಾಗಿಲಿನಾಚೆ ನೋಡಿದ. ಇಲ್ಪೊ ಸೌಟು ಹಿಡಿದು ಈ ಕಡೆಗೇ ನೋಡುತ್ತ ನಿಂತಿದ್ದ. ಗೆಳೆಯ ಕಣ್ಣು ಬಿಟ್ಟದ್ದು ಕಂಡು ಕೈ ಎತ್ತಿದ, ಕಣ್ಣೊರೆಸಿಕೊಂಡ.

"ಅವನ ಮೇಲಿನ ಹಗೆ ನಿಂಗೆ ಇನ್ನೂ ತೀರಲಿಲ್ವೇನೆ?" ಎಂದ ಆರ್ವೊ.

ಅವನ ದನಿಯಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದಿದ್ದರೆ ಹಿಲ್ಕಾ ಜಗಳವಾಡುತ್ತಿದ್ದಳು. ಅವಳು ಉಜ್ಜಿ ಉಜ್ಜಿ ಅವನ ಬೆರಳುಗಳಿಗೆ ಆಗಷ್ಟೇ ಸ್ವಲ್ಪ ಬಿಸಿ ಬಂದಿತ್ತು. ಆರ್ವೊ ಆ ಕೈಯನ್ನು ಮೆಲ್ಲಗೆ ಹಿಂದಕ್ಕೆ ಎಳೆದುಕೊಂಡ. ಎಳೆದುಕೊಳ್ಳುವಷ್ಟು ಶಕ್ತಿ ಅವನಲ್ಲಿ ಇನ್ನೂ ಉಳಿದಿತ್ತು.